ಗ್ಯಾರಂಡ್ ರೈಫಲ್‌ಗೆ ಕೈಯಲ್ಲಿ ತುಂಬಿದ ತೋಟೆ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವುದು

ತೋಟೆಗೆ ಕೈಪಿಡಿಯಲ್ಲಿ ಹೇಳಿದಷ್ಟೇ ಮದ್ದು ಹಾಕಿದ್ದೀರಿ. ತಕ್ಕಡಿ ಸರಿಯಿದೆ. ಗುಂಡು ಗುರಿಗೆ ಸರಿಯಾಗಿ ಬೀಳುತ್ತಿದೆ. ಆದರೂ ಹೊರಬಿದ್ದ ಕೇಸುಗಳ (ತೋಟೆಯ ಲೋಹದ ಕವಚಗಳ) ಅಂಚು ಹರಿದಿದೆ, ತೋಟೆಯ ಹಿಂದೆ ಬಾಗಿಲಿನಂತೆ ಮುಚ್ಚುವ ಬೋಲ್ಟ್ ಹಿಂದಕ್ಕೆ ಬಡಿಯುವ ಸದ್ದು ಜೋರಾಗಿದೆ, ಕೊನೆಗೊಂದು ದಿನ ಬೋಲ್ಟ್ ಅನ್ನು ಎಳೆಯುವ ಉದ್ದನೆಯ ಸರಳು, ಅಂದರೆ ಆಪ್ ರಾಡ್, ಬಾಗಿರುವುದು ಕಾಣುತ್ತದೆ. ಎಂ1 ಗ್ಯಾರಂಡ್ ಎಂಬ ಹಳೆಯ ಅಮೆರಿಕನ್ ಸೇನಾ ರೈಫಲ್ ಇಟ್ಟುಕೊಂಡು ತೋಟೆ ತುಂಬುವವರಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ದೋಷ ಇದು. ಯಾಕೆಂದರೆ ಇಲ್ಲಿ ಮದ್ದಿನ ಅಳತೆ ತಪ್ಪಿಲ್ಲ. ತಪ್ಪಿರುವುದು ಮದ್ದಿನ ಆಯ್ಕೆ.

ಈ ಬರಹ 30-06 ತೋಟೆಯ ಗ್ಯಾರಂಡ್‌ಗೆ ಮಾತ್ರ. ಎಆರ್-15, ಎಂ1ಎಯಂಥ ಬೇರೆ ರೈಫಲ್‌ಗಳಿಗೆ ಇದನ್ನು ಹಾಗೇ ಅನ್ವಯಿಸಬೇಡಿ, ಅವುಗಳ ಗ್ಯಾಸ್ ವ್ಯವಸ್ಥೆಯೇ ಬೇರೆ. ಎಷ್ಟು ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಮಾನ) ಮದ್ದು ಹಾಕಬೇಕು ಅನ್ನುವ ಅಂಕಿಯನ್ನು ನಾನು ಇಲ್ಲಿ ಎಲ್ಲೂ ಕೊಡುವುದಿಲ್ಲ. ಅದನ್ನು ಮದ್ದು ಅಥವಾ ಗುಂಡು ತಯಾರಿಸುವ ಕಂಪನಿಯ ಮುದ್ರಿತ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಗುಂಡು ತಯಾರಿಸುವ ಹಾರ್ನಡಿ ಕಂಪನಿಯ ಕೈಪಿಡಿಯಲ್ಲಿ ಗ್ಯಾರಂಡ್‌ಗೆಂದೇ ಬೇರೆ ಭಾಗ ಇದೆ. ಸಾಮಾನ್ಯ 30-06 ಪುಟಕ್ಕೆ ಹೋಗಬೇಡಿ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಅಮೆರಿಕದ ಹವ್ಯಾಸ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ, ಇಂಥ ಸೆಮಿ ಆಟೋಮ್ಯಾಟಿಕ್ ರೈಫಲ್ ನಿಷೇಧಿತ ವರ್ಗದಲ್ಲಿದೆ. ಅಮೆರಿಕದಲ್ಲಿರುವ ನಮ್ಮವರಿಗೂ ಒಂದು ಎಚ್ಚರಿಕೆ: ಎಚ್-1ಬಿಯಂಥ ವೀಸಾದಲ್ಲಿರುವವರು ಸಾಮಾನ್ಯವಾಗಿ ಬಂದೂಕು ಮಾತ್ರವಲ್ಲ, ತೋಟೆಯನ್ನೂ ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಫೆಡರಲ್ ಕಾನೂನಿನಲ್ಲಿ ಖಾಲಿ ಕೇಸು, ಕೇಪು (ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್), ಗುಂಡು, ಮದ್ದು ಇವೆಲ್ಲ ಬಿಡಿಬಿಡಿಯಾಗಿದ್ದರೂ ಮದ್ದುಗುಂಡೇ. ಇದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ನೀವು ತುಂಬಿದ ತೋಟೆಯನ್ನು ಮಾರುವ ವ್ಯಾಪಾರಕ್ಕೆ ಇಳಿದರೆ ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು.

ದೋಷದ ಬೇರು: ರಂಧ್ರದ ಒತ್ತಡ

ಜಾನ್ ಗ್ಯಾರಂಡ್ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ರೂಪಿಸಿದ ಈ ರೈಫಲ್ ಅನ್ನು ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡಿತು. ನಳಿಗೆ 24 ಇಂಚು ಉದ್ದ. ಅದರ ತುದಿಯಿಂದ ಸುಮಾರು ಒಂದೂವರೆ ಇಂಚು ಹಿಂದೆ, ಕೆಳಭಾಗದಲ್ಲಿ, ಸುಮಾರು 0.08 ಇಂಚಿನ ಒಂದು ರಂಧ್ರ ಇದೆ. ಗುಂಡು ಅದನ್ನು ದಾಟಿದ ಕ್ಷಣದಲ್ಲಿ ಹಿಂದಿರುವ ಬಿಸಿ ಅನಿಲ ಆ ರಂಧ್ರದಿಂದ ಗ್ಯಾಸ್ ಸಿಲಿಂಡರ್‌ಗೆ ನುಗ್ಗಿ ಆಪ್ ರಾಡ್‌ನ ತಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಆ ಉದ್ದನೆಯ ರಾಡ್ ಬೋಲ್ಟ್ ಅನ್ನು ತಿರುಗಿಸಿ ಬೀಗ ಬಿಡಿಸುತ್ತದೆ, ಹಿಂದಕ್ಕೆ ಎಳೆಯುತ್ತದೆ, ಖಾಲಿ ಕೇಸನ್ನು ಎಸೆಯುತ್ತದೆ.

ಚೇಂಬರ್‌ನಲ್ಲಿ, ಅಂದರೆ ತೋಟೆ ಕೂರುವ ನಳಿಗೆಯ ಹಿಂಭಾಗದಲ್ಲಿ, ಒತ್ತಡ ಶಿಖರಕ್ಕೆ ಏರುವುದು ಗುಂಡು ಕೆಲವೇ ಇಂಚು ಸರಿದಾಗ. ರಂಧ್ರದ ಹತ್ತಿರ ಬರುವಷ್ಟರಲ್ಲಿ ಅದು ಬಹಳ ಇಳಿದಿರುತ್ತದೆ. ಎಷ್ಟು ಇಳಿದಿರುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಬೇಗ ಉರಿಯುವ ಮದ್ದು ಮತ್ತು ನಿಧಾನಕ್ಕೆ ಉರಿಯುವ ಮದ್ದು ಎರಡೂ ಚೇಂಬರ್‌ನಲ್ಲಿ ಒಂದೇ ಶಿಖರ ಮುಟ್ಟಬಹುದು. ಆದರೆ ತೆಂಗಿನ ಗರಿ ಭಗ್ಗನೆ ಉರಿದು ಆರುತ್ತದೆ, ಹುಣಸೆ ಕೊರಡು ಕೊನೆಯವರೆಗೂ ಕಾವು ಕೊಡುತ್ತಲೇ ಇರುತ್ತದೆ. ನಿಧಾನದ ಮದ್ದೂ ಹಾಗೆಯೇ. ಗುಂಡು ತುದಿಗೆ ಬಂದಾಗಲೂ ಹಿಂದೆ ಜಾಸ್ತಿ ಒತ್ತಡ ಉಳಿಸಿರುತ್ತದೆ. ಆ ಒತ್ತಡವೇ ಆಪ್ ರಾಡ್‌ಗೆ ಬೀಳುವ ಏಟು.

ಪ್ರತಿ ಈಡಿಗೂ ಬೋಲ್ಟ್ ಅನ್ನು ಕೈಯಿಂದ ಎಳೆಯುವ ಬೋಲ್ಟ್ ಆಕ್ಷನ್ ಬೇಟೆ ರೈಫಲ್‌ಗೆ ಇದೇನೂ ತೊಂದರೆಯಲ್ಲ, ಅದರಲ್ಲಿ ರಂಧ್ರವೇ ಇಲ್ಲ ಅಲ್ವಾ? ಆದ್ದರಿಂದಲೇ ಸಾಮಾನ್ಯ 30-06 ಪುಟದಲ್ಲಿರುವ ಒಳ್ಳೆಯ, ಪರೀಕ್ಷಿಸಿದ, ಒತ್ತಡದ ಮಿತಿಯೊಳಗೇ ಇರುವ ತೋಟೆ ಗ್ಯಾರಂಡ್ ಅನ್ನು ಹಾಳುಮಾಡಬಲ್ಲದು. ಅಂಗಡಿಯಲ್ಲಿ ಸಿಗುವ ಬೇಟೆ ತೋಟೆಗಳಿಗೂ ಇದೇ ಮಾತು. ಹಳೆಯ ಸೇನಾ ರೈಫಲ್‌ಗಳನ್ನು ಜನರಿಗೆ ಮಾರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ 50,000 ಸಿಯುಪಿ (ತಾಮ್ರದ ತುಂಡು ಎಷ್ಟು ಜಜ್ಜಿತು ಎಂದು ನೋಡಿ ಅಳೆಯುವ ಮಾನ) ಒತ್ತಡ ಮೀರಿದ ತೋಟೆ ಬೇಡ, 172ರಿಂದ 174 ಗ್ರೇನ್‌ಗಿಂತ ಭಾರದ ಗುಂಡು ಬೇಡ ಎಂದು ಎಚ್ಚರಿಸುತ್ತದೆ.

ಹಾಗಾದರೆ ಯಾವ ಮದ್ದು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ರೈಫಲ್‌ನ ಎಂ2 ಬಾಲ್ ತೋಟೆಗಾಗಿಯೇ ಬಳಕೆಗೆ ಬಂದ ಮದ್ದು ಐಎಂಆರ್ 4895. ಎಂ2 ಬಾಲ್ ಅಂದರೆ ಸುಮಾರು 150 ಗ್ರೇನ್‌ನ ಚಪ್ಪಟೆ ತಳದ ಗುಂಡು, ತುದಿಯಿಂದ 78 ಅಡಿಯಲ್ಲಿ ಅಳೆದಾಗ ಸೆಕೆಂಡಿಗೆ ಸುಮಾರು 2,740 ಅಡಿ ವೇಗ. ಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಉಳಿದ 4895 ಮದ್ದನ್ನು ಬ್ರೂಸ್ ಹಾಜ್ಡನ್ ಕೊಂಡು ಹವ್ಯಾಸಿಗಳಿಗೆ ಮಾರಿದರು, ಅವರ ಕಂಪನಿ ಬೆಳೆದದ್ದೇ ಹಾಗೆ. ಇವತ್ತಿಗೂ ಹೊಸಬರಿಗೆ ನನ್ನ ಮೊದಲ ಸಲಹೆ 4895. ಎರಡನೆಯದು ಐಎಂಆರ್ 4064. ಕೈಪಿಡಿಯ ಗ್ಯಾರಂಡ್ ಭಾಗದಲ್ಲಿ ಇನ್ನೂ ಕೆಲವು ಮಧ್ಯಮ ವೇಗದ ಮದ್ದುಗಳಿರುತ್ತವೆ, ಅಲ್ಲಿ ಹೆಸರಿದ್ದರೆ ಬಳಸಬಹುದು. 4350, 4831 ಮತ್ತು ಅದಕ್ಕಿಂತ ನಿಧಾನದ ಮದ್ದುಗಳನ್ನು ಈ ರೈಫಲ್‌ನಿಂದ ದೂರ ಇಡಿ. ಡಬ್ಬಿ ಮನೆಯಲ್ಲಿ ಇದೆ, ಸುಮ್ನೆ ಖಾಲಿ ಮಾಡೋಣ ಅನ್ನುವುದು ಕಾರಣ ಆಗಬಾರದು.

ಇಲ್ಲಿ ಒಂದು ಅಪಾಯದ ತಿರುವು ಇದೆ. ಐಎಂಆರ್ 4895 ಬೇರೆ, ಹಾಜ್ಡನ್ ಹೆಸರಿನ ಎಚ್ 4895 ಬೇರೆ. ಸಂಖ್ಯೆ ಒಂದೇ, ಮದ್ದು ಎರಡು. ಎರಡೂ ಗ್ಯಾರಂಡ್‌ಗೆ ಒಪ್ಪುತ್ತವೆ, ಆದರೆ ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. 4350 ಮತ್ತು 4831ಕ್ಕೂ ಹೀಗೇ ಜೋಡಿ ಹೆಸರುಗಳಿವೆ. ಡಬ್ಬಿಯ ಮೇಲಿನ ಅಕ್ಷರವನ್ನೂ ಓದಿ, ಅಂಕಿಯನ್ನು ಮಾತ್ರ ಅಲ್ಲ.

ಗುಂಡಿನ ತೂಕಕ್ಕೆ 150ರಿಂದ 168 ಗ್ರೇನ್ ಸಾಕು. 200 ಗಜದ ಗ್ಯಾರಂಡ್ ಪಂದ್ಯಕ್ಕೆ ಇದಕ್ಕಿಂತ ಭಾರ ಬೇಕಾಗಿಯೇ ಇಲ್ಲ. ವೇಗದ ಹಿಂದೆ ಬೀಳುವುದನ್ನು ನಾನು ಒಪ್ಪುವುದಿಲ್ಲ. ಬಹುತೇಕ ಗ್ಯಾರಂಡ್‌ಗಳು ಗರಿಷ್ಠಕ್ಕಿಂತ ಸಾಕಷ್ಟು ಕೆಳಗೇ ಗುಂಡುಗಳನ್ನು ಗುರಿಯಲ್ಲಿ ಒತ್ತಾಗಿ ಗುಂಪು ಕಟ್ಟಿಸುತ್ತವೆ, ಭುಜಕ್ಕೂ ರಾಡ್‌ಗೂ ಹಿತ.

ಒತ್ತಡ ಹೊರಬಿಡುವ ಬದಲಿ ಗ್ಯಾಸ್ ಪ್ಲಗ್‌ಗಳು (ಗ್ಯಾಸ್ ಸಿಲಿಂಡರ್‌ನ ಬಾಯಿ ಮುಚ್ಚುವ ತಿರುಪು) ಸಿಗುತ್ತವೆ. ರಂಧ್ರ ಇರುವವು, ತಿರುಪಿನಿಂದ ಹೊಂದಿಸುವವು ಎರಡೂ ಇವೆ. ಅಂಗಡಿ ತೋಟೆಯನ್ನೇ ಹೊಡೆಯಬೇಕಾದವರಿಗೆ ಒಳ್ಳೆಯ ಸಾಧನ. ಆದರೆ ಅದು ಆಪ್ ರಾಡ್ ಅನ್ನು ಮಾತ್ರ ಕಾಯುತ್ತದೆ, ಚೇಂಬರ್‌ನ ಒತ್ತಡವನ್ನು ಒಂಚೂರೂ ಇಳಿಸುವುದಿಲ್ಲ. ಕೈಯಲ್ಲಿ ತುಂಬುವವನು ಮದ್ದನ್ನೇ ಸರಿಯಾಗಿ ಆರಿಸಬಹುದಾದಾಗ ಪ್ಲಗ್ ನಂಬಿ ನಿಧಾನದ ಮದ್ದು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ತೋಟೆಯನ್ನು ದೂರುವ ಮೊದಲು ರೈಫಲ್ ನೋಡಿ

ಯಾವ ಲಕ್ಷಣ ಕಂಡರೂ ಮೊದಲ ಹೆಜ್ಜೆ ಇದೇ. ಮದ್ದು ಹೆಚ್ಚಿಸಿ ಸವೆದ ರೈಫಲ್ ಅನ್ನು ಓಡಿಸಲು ಹೋದರೆ ಎರಡು ದೋಷ ಒಂದರ ಮೇಲೊಂದು ಕೂರುತ್ತವೆ, ಆಮೇಲೆ ಬಿಡಿಸುವುದು ಕಷ್ಟ.

ರೈಫಲ್ ಖಾಲಿ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ. ಬಿಚ್ಚಿ, ಆಪ್ ರಾಡ್‌ನ ಸ್ಪ್ರಿಂಗ್ ತೆಗೆದು, ಬೋಲ್ಟ್ ಮತ್ತು ರಾಡ್ ಮಾತ್ರ ಜೋಡಿಸಿ. ಈಗ ನಳಿಗೆಯನ್ನು ಮೇಲಕ್ಕೆ ಎತ್ತಿ. ರಾಡ್ ತನ್ನ ಭಾರದಲ್ಲೇ ಜಾರಿ ಹಿಂದಕ್ಕೆ ಬರಬೇಕು. ಕೆಳಕ್ಕೆ ಬಗ್ಗಿಸಿದರೆ ಮುಂದಕ್ಕೆ ಹೋಗಬೇಕು. ಎಲ್ಲಾದರೂ ತಡೆದು ನಿಂತರೆ ಅಲ್ಲಿ ಉಜ್ಜಾಟ ಇದೆ. ಈ ರಾಡ್ ಕಾರ್ಖಾನೆಯಿಂದಲೇ ಬಾಗಿಕೊಂಡು ಬರುತ್ತದೆ, ನಳಿಗೆಗೆ ತಾಕದೆ ಸುತ್ತಿ ಹೋಗಬೇಕಲ್ಲ. ಅದನ್ನು ನೋಡಿ ನೆಟ್ಟಗೆ ಮಾಡಲು ಹೋಗಬೇಡಿ. ಮೂಲ ಬಾಗು ಹೌದೋ ಅಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಈ ಪರೀಕ್ಷೆಯೇ ಹೇಳಬೇಕು.

ಸ್ಪ್ರಿಂಗ್ ಉದ್ದ ಅಳೆಯಿರಿ, 19 ಇಂಚಿಗಿಂತ ಕಡಿಮೆಯಿದ್ದರೆ ಬದಲಿಸಿ. ಆಪ್ ರಾಡ್‌ನ ಪಿಸ್ಟನ್ ತಲೆಯನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ, 0.525 ಇಂಚಿನ ಆಸುಪಾಸು ಇರಬೇಕು. ಅದಕ್ಕಿಂತ ಸವೆದಿದ್ದರೆ ಅನಿಲ ಪಕ್ಕದಿಂದ ಸೋರುತ್ತದೆ. ಗ್ಯಾಸ್ ಸಿಲಿಂಡರ್‌ನ ಮುಂದಿನ ತಿರುಪು ಬಿಗಿಯಾಗಿದೆಯೇ ನೋಡಿ. ಕೆಲವೇ ಈಡುಗಳಲ್ಲಿ ಅದು ಸಡಿಲವಾಗುವುದುಂಟು. ಇನ್ನು ಗ್ರೀಸು. ಗ್ಯಾರಂಡ್ ಎಣ್ಣೆಯಲ್ಲಿ ಓಡುವ ರೈಫಲ್ ಅಲ್ಲ, ಗ್ರೀಸಿನಲ್ಲಿ ಓಡುವಂಥದ್ದು. ಬೋಲ್ಟ್‌ನ ಕಿವಿಗಳು, ಆಪ್ ರಾಡ್‌ನ ಗೂನು ಬೋಲ್ಟ್ ಅನ್ನು ಹಿಡಿಯುವ ಜಾಗ, ರಾಡ್ ಜಾರುವ ಕಾಲುವೆ, ಇಲ್ಲಿ ತೆಳ್ಳಗೆ ಬಳಿಯಿರಿ. ಗ್ಯಾಸ್ ಸಿಲಿಂಡರ್ ಒಳಗೆ ಮಾತ್ರ ಎಣ್ಣೆ ಗ್ರೀಸು ಏನೂ ಬೇಡ, ಒಣಗಿರಲಿ.

ಲಕ್ಷಣ: ಕೇಸು ಪೂರ್ತಿ ಹೊರಬರುವುದಿಲ್ಲ, ಮುಂದಿನ ತೋಟೆ ಏರುವುದಿಲ್ಲ

ಬೋಲ್ಟ್ ಪೂರ್ತಿ ಹಿಂದೆ ಹೋಗುತ್ತಿಲ್ಲ. ರೈಫಲ್ ಪರೀಕ್ಷೆ ಪಾಸಾಗಿದ್ದರೆ ಈಗ ತೋಟೆಯ ಸರದಿ. ಒಂದು ಕ್ಲಿಪ್ ಎಂ2 ಬಾಲ್ ಅಥವಾ ಗ್ಯಾರಂಡ್‌ಗೆಂದೇ ಮಾಡಿದ ಅಂಗಡಿ ತೋಟೆ ಹೊಡೆದು ನೋಡಿ. ಅದು ಸರಾಗ ಓಡಿ ನಿಮ್ಮದು ಓಡದಿದ್ದರೆ ಮದ್ದು ಕಡಿಮೆಯಾಗಿದೆ, ಅಥವಾ ತೀರಾ ಬೇಗ ಉರಿಯುವ ಮದ್ದು, ಅಥವಾ ತೀರಾ ಹಗುರ ಗುಂಡು. ಎರಡೂ ಓಡದಿದ್ದರೆ ಮತ್ತೆ ರೈಫಲ್‌ಗೆ ಹಿಂತಿರುಗಿ.

ಎಂಟರ ಕ್ಲಿಪ್‌ನಲ್ಲಿ ಪ್ರತಿ ಸಲ ಏಳನೆಯ ತೋಟೆಯಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ ಮದ್ದನ್ನು ಬಿಟ್ಟುಬಿಡಿ. ಕ್ಲಿಪ್ ಬದಲಿಸಿ ನೋಡಿ, ಆಮೇಲೆ ತೋಟೆಗಳನ್ನು ಮೇಲಕ್ಕೆ ತಳ್ಳುವ ಫಾಲೋವರ್ ಮತ್ತು ಅದರ ತೋಳನ್ನು ಪರೀಕ್ಷಿಸಿ.

ಲಕ್ಷಣ: ಹರಿದ ಅಂಚು, ಬಾಗಿದ ರಿಮ್, ದೂರ ಹಾರುವ ಕೇಸು

ಮೇಲೆ ಹೇಳಿದ ರಂಧ್ರದ ಒತ್ತಡದ ಲಕ್ಷಣ ಇದು. ಬೋಲ್ಟ್ ತೀರಾ ಬೇಗ ಬೀಗ ಬಿಡಿಸುತ್ತಿದೆ. ಚೇಂಬರ್‌ನಲ್ಲಿ ಇನ್ನೂ ಒತ್ತಡ ಉಳಿದಿದೆ, ಕೇಸು ಗೋಡೆಗೆ ಅಂಟಿಕೊಂಡಿದೆ, ಅಷ್ಟರಲ್ಲೇ ಕೇಸಿನ ಅಂಚು ಹಿಡಿದು ಎಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆ ಅದನ್ನು ಕಿತ್ತೆಳೆಯುತ್ತಿದೆ. ಚೇಂಬರ್ ಕೊಳಕಾಗಿದ್ದರೂ ತುಕ್ಕಿನ ಗುಳಿ ಬಿದ್ದಿದ್ದರೂ ಇದೇ ಗುರುತು ಬರುತ್ತದೆ. ಆದ್ದರಿಂದ ಮೊದಲು ಚೇಂಬರ್ ಬ್ರಷ್ ಹಾಕಿ ಚೆನ್ನಾಗಿ ಉಜ್ಜಿ. ಆಮೇಲೂ ಹರಿದರೆ ಮದ್ದಿನ ಹೆಸರು, ಗುಂಡಿನ ತೂಕ ಎರಡನ್ನೂ ಗ್ಯಾರಂಡ್ ಪುಟದೊಂದಿಗೆ ಹೋಲಿಸಿ.

ಕೇಸು ಯಾವ ದಿಕ್ಕಿಗೆ ಹಾರಿತು ಎನ್ನುವುದರಿಂದಲೇ ತೀರ್ಪು ಕೊಡುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಎಜೆಕ್ಟರ್ ಸ್ಪ್ರಿಂಗ್, ಎಕ್ಸ್‌ಟ್ರಾಕ್ಟರ್‌ನ ಸವೆತ ಎಲ್ಲವೂ ದಿಕ್ಕನ್ನು ಬದಲಿಸುತ್ತವೆ. ಒಂದೇ ರೈಫಲ್‌ನಲ್ಲಿ ಹಳೆಯ ತೋಟೆಗೂ ಹೊಸ ತೋಟೆಗೂ ಹಾರಾಟ ಬದಲಾಯಿತೇ ಎಂದು ನೋಡಿದರೆ ಅದು ಉಪಯೋಗದ ಸುಳಿವು.

ಲಕ್ಷಣ: ಬೋಲ್ಟ್ ಮುಚ್ಚಿದ ಕೂಡಲೇ ಢಂ

ಇಡೀ ಬರಹದಲ್ಲಿ ಇದಕ್ಕಿಂತ ಗಂಭೀರವಾದದ್ದು ಇಲ್ಲ. ಕುದುರೆ (ಟ್ರಿಗರ್) ಮುಟ್ಟಿಲ್ಲ, ಬೋಲ್ಟ್ ಮುಂದೆ ಬಂದು ಮುಚ್ಚಿತು, ತೋಟೆ ಸಿಡಿಯಿತು. ಇದಕ್ಕೆ ಸ್ಲ್ಯಾಮ್ ಫೈರ್ ಎನ್ನುತ್ತಾರೆ. ಬೋಲ್ಟ್ ಬೀಗ ಬಿದ್ದ ಮೇಲೆ ಸಿಡಿದರೆ ಗುಂಡು ನಳಿಗೆ ತೋರಿಸಿದ ಕಡೆ ಹೋಗುತ್ತದೆ, ಅಷ್ಟೇ ಅದೃಷ್ಟ. ಬೀಗ ಬೀಳುವ ಮೊದಲೇ ಸಿಡಿದರೆ ಕೇಸು ಒಡೆದು ಬೋಲ್ಟ್ ಓಡಾಡುವ ಚೌಕಟ್ಟಿನ, ಅಂದರೆ ರಿಸೀವರ್‌ನ ಹಿಂಭಾಗ ಮುರಿಯಬಹುದು, ಹಿಡಿ ಸೀಳಬಹುದು, ಕಣ್ಣು ಹೋಗಬಹುದು.

ಗ್ಯಾರಂಡ್‌ನ ಫೈರಿಂಗ್ ಪಿನ್‌ಗೆ ಸ್ಪ್ರಿಂಗ್ ಇಲ್ಲ. ಬೋಲ್ಟ್ ಒಳಗೆ ಸಡಿಲವಾಗಿ ಆಡುತ್ತದೆ. ಬೋಲ್ಟ್ ಮುಂದೆ ಬಂದು ನಿಂತಾಗ ಪಿನ್ ತನ್ನ ವೇಗದಲ್ಲೇ ಸರಿದು ಕೇಪನ್ನು ಮೆಲ್ಲಗೆ ತಟ್ಟುತ್ತದೆ. ಒಂದು ತೋಟೆ ಏರಿಸಿ, ಹೊಡೆಯದೆ ಹೊರತೆಗೆದು ನೋಡಿದರೆ ಕೇಪಿನ ಮೇಲೆ ಸಣ್ಣ ಗುಳಿ ಕಾಣುತ್ತದೆ. ಅದು ಸಹಜ. ರಿಸೀವರ್‌ನ ಸೇತುವೆಯಲ್ಲಿರುವ ಒಂದು ಇಳಿಜಾರು ಪಿನ್‌ನ ಬಾಲವನ್ನು ಹಿಡಿದಿಟ್ಟು, ಬೋಲ್ಟ್ ಬಹುಮಟ್ಟಿಗೆ ತಿರುಗುವ ತನಕ ಅದು ಮುಂದೆ ಬಾರದಂತೆ ತಡೆಯುತ್ತದೆ. ಈ ಕಾವಲು ಸವೆದಿದ್ದರೆ ಅಥವಾ ಪಿನ್‌ನ ಬಾಲ ಮುರಿದಿದ್ದರೆ ರಕ್ಷಣೆ ಹೋಯಿತು. ಕಾವಲು ಚೆನ್ನಾಗಿದ್ದರೂ ನಮ್ಮ ತೋಟೆಯ ಮೂರು ತಪ್ಪುಗಳು ಅದನ್ನು ಸೋಲಿಸಬಲ್ಲವು.

ಮೊದಲನೆಯದು ಎದ್ದು ನಿಂತ ಕೇಪು. ಕೇಪು ಕೇಸಿನ ತಳಕ್ಕಿಂತ 0.003ರಿಂದ 0.005 ಇಂಚು ಒಳಗೆ ಕೂತಿರಬೇಕು. ಪ್ರತಿಯೊಂದನ್ನೂ ಬೆರಳ ತುದಿಯಿಂದ ಸವರಿ. ಆಮೇಲೆ ಮೇಜಿನ ಮೇಲೆ ನಿಲ್ಲಿಸಿ ನೋಡಿ, ಅಲ್ಲಾಡಿದರೆ ಬದಿಗಿಡಿ. ಮಿಲಿಟರಿ ಕೇಸುಗಳಲ್ಲಿ ಕೇಪಿನ ಸುತ್ತ ಲೋಹವನ್ನು ಅಮುಕಿ ಬಿಗಿ ಮಾಡಿರುತ್ತಾರೆ. ಆ ಅಂಚನ್ನು ತೆಗೆಯದೆ ಹೊಸ ಕೇಪು ಒತ್ತಿದರೆ ಅದು ಓರೆಯಾಗಿಯೋ ಅರ್ಧಕ್ಕೋ ನಿಲ್ಲುತ್ತದೆ. ಗುಳಿಯ ತಳದ ಮಸಿ ಕೆರೆಯದಿದ್ದರೂ ಹಾಗೇ. ಎದ್ದು ನಿಂತ ಕೇಪನ್ನು ತುಂಬಿದ ತೋಟೆಯಲ್ಲಿ ಮತ್ತೆ ಒತ್ತಲು ಹೋಗಬೇಡಿ. ಗುಂಡು ಕಿತ್ತು, ಮದ್ದು ಸುರಿದು, ಕೇಸನ್ನು ಪಕ್ಕಕ್ಕಿಡಿ.

ಎರಡನೆಯದು ಮೃದುವಾದ ಕೇಪು. ಫೆಡರಲ್ 210 ಬೋಲ್ಟ್ ರೈಫಲ್‌ಗೆ ಚೆಂದದ ಕೇಪು, ಆದರೆ ಸೂಕ್ಷ್ಮ ಎಂದೇ ಹೆಸರಾದದ್ದು. ಸಡಿಲ ಪಿನ್‌ನ ರೈಫಲ್‌ಗೆ ಅದನ್ನು ನಾನು ಹಾಕುವುದಿಲ್ಲ. ಸಿಸಿಐ 34 ಮಿಲಿಟರಿ ಅಳತೆಗೇ ಮಾಡಿದ್ದು, ಪಿನ್ನಿನ ಮೆಲುತಟ್ಟಿಗೆ ಸುಲಭವಾಗಿ ಹೊತ್ತುವುದಿಲ್ಲ. ಅದು ಸಿಗದಿದ್ದರೆ ಸಿಸಿಐ 200 ಬಳಸುವವರು ತುಂಬಾ ಜನ. ಕೇಪು ಬದಲಿಸಿದರೆ ಒತ್ತಡವೂ ಬದಲಾಗುತ್ತದೆ, ಕೈಪಿಡಿಯ ಆರಂಭದ ಅಳತೆಯಿಂದ ಮತ್ತೆ ಹತ್ತಬೇಕು.

ಮೂರನೆಯದು ಸರಿಯಾಗಿ ಸೈಜ್ ಆಗದ, ಅಂದರೆ ಅಚ್ಚಿನಲ್ಲಿ ಒತ್ತಿ ಮೂಲ ಅಳತೆಗೆ ತರದ ಕೇಸು. ಬೋಲ್ಟ್ ರೈಫಲ್‌ನವರು ಕುತ್ತಿಗೆ ಮಾತ್ರ ಸೈಜ್ ಮಾಡುತ್ತಾರೆ. ಇಲ್ಲಿ ಅದು ನಡೆಯದು. ಪ್ರತಿ ಸಲ ಪೂರ್ತಿ ಉದ್ದಕ್ಕೂ ಸೈಜ್ ಮಾಡಿ, ಕೇಸಿನ ಭುಜ (ಕುತ್ತಿಗೆಯ ಕೆಳಗಿನ ಇಳಿಜಾರು) ಚೇಂಬರ್‌ಗಿಂತ ಸುಮಾರು 0.003 ಇಂಚು ಹಿಂದೆ ಸರಿದಿರಬೇಕು. ಉದ್ದ ಉಳಿದ ಕೇಸು ಬೋಲ್ಟ್ ಅನ್ನು ಪೂರ್ತಿ ತಿರುಗಲು ಬಿಡುವುದಿಲ್ಲ, ಅದೇ ಹೊತ್ತಿಗೆ ಪಿನ್ ತಟ್ಟಿದರೆ ಕಥೆ ಮುಗಿಯಿತು. ಕೇಸಿನ ಅಳತೆ ನೋಡುವ ಅಚ್ಚು, ಅಂದರೆ ಕೇಸ್ ಗೇಜ್ ಇಲ್ಲದೆ ಗ್ಯಾರಂಡ್‌ಗೆ ತುಂಬಬೇಡಿ. ಬೆಲೆ ಜಾಸ್ತಿಯಿಲ್ಲ. ಪ್ರತಿ ಕೇಸನ್ನೂ ಅದರಲ್ಲಿ ಇಳಿಸಿ, ತಳ ಎರಡು ಮೆಟ್ಟಿಲುಗಳ ನಡುವೆ ಬರುತ್ತದೆಯೇ ನೋಡಿ. ಕೇಸಿನ ಉದ್ದ 2.494 ಇಂಚು ಮೀರಬಾರದು, 2.484ಕ್ಕೆ ಕತ್ತರಿಸುವುದು ರೂಢಿ.

ನಾಲ್ಕನೆಯ ಕಾರಣ ತೋಟೆಯದಲ್ಲ, ಕೈಯದು. ಒಂದೇ ತೋಟೆಯನ್ನು ನೇರ ಚೇಂಬರ್‌ಗೆ ಹಾಕಿ ಬೋಲ್ಟ್ ಬಿಟ್ಟರೆ ಅದು ಪೂರ್ತಿ ವೇಗದಲ್ಲಿ ಬಡಿಯುತ್ತದೆ. ಕ್ಲಿಪ್‌ನಿಂದ ತೋಟೆ ಕಿತ್ತು ತಳ್ಳುವ ಉಜ್ಜಾಟವಿದ್ದರೆ ಬೋಲ್ಟ್ ಸ್ವಲ್ಪ ನಿಧಾನವಾಗುತ್ತದೆ. ಒಂದೊಂದೇ ಹೊಡೆಯಬೇಕಾದಾಗ ಅದಕ್ಕೆಂದೇ ಸಿಗುವ ಒಂಟಿ ತೋಟೆಯ ಕ್ಲಿಪ್ ಬಳಸಿ.

ಮೊದಲ ಈಡಿನ ಹಿಂದೆಯೇ ಎರಡನೆಯದೂ ಹೋದರೆ ಅದು ಯಾವಾಗಲೂ ಸ್ಲ್ಯಾಮ್ ಫೈರ್ ಅಲ್ಲ. ಟ್ರಿಗರ್ ಕೊಂಡಿಗಳು ಸವೆದಿದ್ದರೂ ಹೀಗಾಗುತ್ತದೆ. ಖಾಲಿ ರೈಫಲ್‌ನಲ್ಲಿ ಕುದುರೆಯನ್ನು ಎಳೆದೇ ಹಿಡಿದುಕೊಂಡು ಆಪ್ ರಾಡ್ ಹಿಂದಕ್ಕೆ ಎಳೆದು ಬಿಡಿ. ಈಗ ಕುದುರೆಯನ್ನು ನಿಧಾನ ಬಿಟ್ಟರೆ ಕ್ಲಿಕ್ ಎಂದು ಹ್ಯಾಮರ್ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಸರಿಯಬೇಕು. ಮತ್ತೆ ಒತ್ತಿದಾಗ ಬೀಳಬೇಕು. ಕ್ಲಿಕ್ ಬರುವ ಮೊದಲೇ ಹ್ಯಾಮರ್ ಬಿದ್ದರೆ ಟ್ರಿಗರ್ ಗುಂಪನ್ನು ಬಂದೂಕು ರಿಪೇರಿಯವರಿಗೆ ಕೊಡಿ. ಎರಡರಲ್ಲಿ ಯಾವುದೇ ಇರಲಿ, ಅದೇ ಪೆಟ್ಟಿಗೆಯ ಇನ್ನೊಂದು ತೋಟೆಯನ್ನು "ಮತ್ತೆ ಆಗುತ್ತಾ ನೋಡೋಣ" ಎಂದು ಏರಿಸಬೇಡಿ.

ಲಕ್ಷಣ: ಚಪ್ಪಟೆಯಾದ ಕೇಪು, ತೂತು ಬಿದ್ದ ಕೇಪು

ಬೋಲ್ಟ್ ರೈಫಲ್‌ನಲ್ಲಿ ಒತ್ತಡ ಜಾಸ್ತಿಯಾದರೆ ಬೋಲ್ಟ್ ಎತ್ತುವಾಗ ಕೈಗೆ ತಿಳಿಯುತ್ತದೆ. ಗ್ಯಾರಂಡ್‌ನಲ್ಲಿ ಆ ಸುಳಿವೇ ಇಲ್ಲ. ಕೇಪಿನ ಚಹರೆಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಭುಜವನ್ನು ಜಾಸ್ತಿ ಹಿಂದಕ್ಕೆ ತಳ್ಳಿ ಸೈಜ್ ಮಾಡಿದ ಕೇಸಿನಲ್ಲಿ ಸಾಧಾರಣ ಒತ್ತಡಕ್ಕೂ ಕೇಪು ಚಪ್ಪಟೆಯಾಗುತ್ತದೆ.

ಆದ್ದರಿಂದ ಕ್ರೋನೋಗ್ರಾಫ್ ಇಟ್ಟು ವೇಗ ಅಳೆಯಿರಿ. ಅದೇ ಮದ್ದು, ಅದೇ ಗುಂಡಿಗೆ ಕೈಪಿಡಿ ಹೇಳಿದ್ದಕ್ಕಿಂತ ವೇಗ ಜಾಸ್ತಿ ಬಂತು ಎಂದರೆ ಒತ್ತಡವೂ ಜಾಸ್ತಿಯೇ ಇದೆ. ಪುಕ್ಕಟೆ ವೇಗ ಎಲ್ಲೂ ಸಿಗುವುದಿಲ್ಲ. ಮೊದಲ ಅನುಮಾನ ಕೇಸಿನ ಮೇಲೆ ಇರಲಿ. ಲೇಕ್ ಸಿಟಿ ಕಾರ್ಖಾನೆಯ ಗುರುತಿನಂಥ ಮಿಲಿಟರಿ ಕೇಸಿನ ಗೋಡೆ ದಪ್ಪವಿದ್ದು ಒಳಗಿನ ಜಾಗ ಕಡಿಮೆಯಾದರೆ ಅದೇ ಮದ್ದಿಗೆ ಒತ್ತಡ ಏರುತ್ತದೆ. ಬೇರೆ ಬೇರೆ ಗುರುತಿನ ಕೇಸುಗಳನ್ನು ಬೆರೆಸಿ ತುಂಬಬೇಡಿ, ಕೇಸು ಬದಲಾದರೆ ಕೆಳಗಿನಿಂದ ಶುರು ಮಾಡಿ.

ಎರಡನೆಯ ಅನುಮಾನ ಬಿಸಿಲು. ಟೆಕ್ಸಸ್ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಇಟ್ಟ ತೋಟೆ, ಬಿಸಿಯಾದ ಚೇಂಬರ್‌ನಲ್ಲಿ ಕಾಯುತ್ತಾ ಕೂತ ತೋಟೆ, ಇವುಗಳ ಒತ್ತಡ ತಂಪು ಬೆಳಗಿನ ಒತ್ತಡಕ್ಕಿಂತ ಬೇರೆ. ಚಳಿಗಾಲದಲ್ಲಿ ಗರಿಷ್ಠದ ಅಂಚಿಗೆ ತಂದ ತೋಟೆಯನ್ನು ಜುಲೈನಲ್ಲಿ ಹೊಡೆಯಬೇಡಿ.

ಮೂರನೆಯದು ಒಳಗೆ ಸರಿದ ಗುಂಡು. ಗ್ಯಾರಂಡ್ ತೋಟೆಯನ್ನು ಜೋರಾಗಿ ತಳ್ಳಿ ಏರಿಸುತ್ತದೆ. ಕುತ್ತಿಗೆಯ ಹಿಡಿತ ಸಡಿಲವಿದ್ದರೆ ಗುಂಡು ಕೇಸಿನೊಳಗೆ ಕುಸಿಯುತ್ತದೆ, ಒತ್ತಡ ಏರುತ್ತದೆ. ತೋಟೆಯ ಒಟ್ಟು ಉದ್ದ ಅಳೆದಿಟ್ಟು, ರೇಂಜ್‌ನಲ್ಲಿ ನಳಿಗೆ ಗುರಿಯ ದಿಬ್ಬದ ಕಡೆಗಿರುವಂತೆ ಕ್ಲಿಪ್‌ನಿಂದ ಏರಿಸಿ, ಹೊರತೆಗೆದು ಮತ್ತೆ ಅಳೆಯಿರಿ. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು, ಯಾಕೆ ಎಂದು ಮೇಲಿನ ಭಾಗ ಓದಿದವರಿಗೆ ಗೊತ್ತು. ಒಟ್ಟು ಉದ್ದ 3.340 ಇಂಚು ಮೀರದಿರಲಿ.

ಲಕ್ಷಣ: ಕೇಸಿನ ತಳದ ಹತ್ತಿರ ಹೊಳೆಯುವ ಗೆರೆ

ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಬೆಳ್ಳಗಿನ ಗೆರೆ ಕಂಡರೆ ಅಲ್ಲಿ ಲೋಹ ತೆಳುವಾಗುತ್ತಿದೆ. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿಯನ್ನು ಸಣ್ಣ ಕೊಕ್ಕೆಯಾಗಿ ಬಗ್ಗಿಸಿ, ಕೇಸಿನ ಒಳಗೋಡೆಯ ಮೇಲೆ ತಳದಿಂದ ಮೇಲಕ್ಕೆ ಎಳೆಯಿರಿ. ಎಲ್ಲಾದರೂ ತಗ್ಗಿಗೆ ತಡೆದರೆ ಆ ಕೇಸನ್ನು ಇಕ್ಕಳದಲ್ಲಿ ಜಜ್ಜಿ ಎಸೆಯಿರಿ, ಇನ್ನೊಬ್ಬರ ಕೈಗೆ ಹೋಗದಿರಲಿ. ಇನ್ನೊಂದು ಈಡಿಗೆ ಅದು ಎರಡಾಗಿ ತುಂಡಾಗುತ್ತದೆ, ಮುಂದಿನ ಅರ್ಧ ಚೇಂಬರ್‌ನಲ್ಲೇ ಉಳಿಯುತ್ತದೆ. ಗ್ಯಾರಂಡ್ ಕೇಸುಗಳನ್ನು ಬೇಗ ದಣಿಸುತ್ತದೆ. ನಾಲ್ಕೈದು ಸಲ ತುಂಬಿದ ಮೇಲೆ ಅವಕ್ಕೆ ನಿವೃತ್ತಿ ಕೊಡುವುದು ನನ್ನ ರೂಢಿ. ಹೊಸ ಕೇಸಿನಲ್ಲೇ ಗೆರೆ ಬಂದರೆ ಒಂದೋ ಭುಜವನ್ನು ಅತಿಯಾಗಿ ತಳ್ಳಿದ್ದೀರಿ, ಇಲ್ಲವೋ ರೈಫಲ್‌ನ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ಗೂ ಚೇಂಬರ್‌ನ ಭುಜಕ್ಕೂ ನಡುವಿನ ಅಳತೆ) ಹೋಗಿದೆ. ಗೇಜ್ ಇರುವವರ ಬಳಿ ಪರೀಕ್ಷಿಸಿ.

ಲಕ್ಷಣ: ಪುಸ್ಸೆಂದು ಸದ್ದು, ಒದೆತ ಇಲ್ಲ, ಬೋಲ್ಟ್ ಅಲ್ಲಾಡಿಲ್ಲ

ನಿಲ್ಲಿಸಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ತಡವಾಗಿ ಹೊತ್ತುವ ಮದ್ದೂ ಇರುತ್ತದೆ. ಆಮೇಲೆ ಖಾಲಿ ಮಾಡಿ, ನಳಿಗೆಯಲ್ಲಿ ಸರಳು ಹಾಕಿ ನೋಡಿ. ಮದ್ದು ಇಲ್ಲದ ತೋಟೆಯಲ್ಲಿ ಕೇಪಿನ ಬಲವೇ ಗುಂಡನ್ನು ನಳಿಗೆಯೊಳಗೆ ತಳ್ಳಿ ನಿಲ್ಲಿಸಿರಬಹುದು. ಅದರ ಹಿಂದೆ ಇನ್ನೊಂದು ಈಡು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ.

4895 ಇಂಥ ತಪ್ಪನ್ನು ಹಿಡಿಯಲು ಸಹಾಯ ಮಾಡುತ್ತದೆ. ಕೇಸಿನ ಅರ್ಧಕ್ಕಿಂತ ಸಾಕಷ್ಟು ಮೇಲೆ ತುಂಬುವುದರಿಂದ ಎರಡು ಸಲ ಸುರಿದರೆ ಉಕ್ಕಿ ಹೊರಗೆ ಬರುತ್ತದೆ. ಮರೆತರೆ ಖಾಲಿ ಕಣ್ಣಿಗೆ ಬೀಳುತ್ತದೆ. ಗುಂಡು ಕೂರಿಸುವ ಮೊದಲು ಇಡೀ ಹಲಗೆಯ ಮೇಲೆ ಟಾರ್ಚ್ ಬಿಟ್ಟು ಎಲ್ಲದರ ಮಟ್ಟ ಒಂದೇ ಇದೆಯೇ ನೋಡಿ. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು ಇರಲಿ. ಪಿಸ್ತೂಲಿನ ಬೇಗ ಉರಿಯುವ ಮದ್ದು ತಪ್ಪಿ ಈ ಕೇಸಿಗೆ ಬಿದ್ದರೆ ರೈಫಲ್ ಉಳಿಯುವುದಿಲ್ಲ. ಕೊಡಗು, ಮಲೆನಾಡಿನಲ್ಲಿ ಕೇಪಿನ ಕೋವಿಗೆ ಅಳತೆ ಬಟ್ಟಲಲ್ಲಿ ಕರಿಮದ್ದು ಹಾಕುವುದನ್ನು ನೋಡಿ ಬೆಳೆದವರಿಗೆ ಒಂದು ಮಾತು: ಇಲ್ಲಿ ತೂಕವೇ ಅಳತೆ. ಒಂದು ಪೌಂಡಿಗೆ 7,000 ಗ್ರೇನ್. ಅರ್ಧ ಗ್ರೇನ್ ಸಹ ಲೆಕ್ಕಕ್ಕೆ ಬರುತ್ತದೆ.

ಕಾರಣ ಸಿಗದಿದ್ದಾಗ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮದ್ದು, ಕೇಪು, ಗುಂಡು ಮೂರನ್ನೂ ಒಟ್ಟಿಗೆ ಬದಲಿಸಿ ದೋಷ ಹೋದರೆ ಯಾವುದರಿಂದ ಹೋಯಿತು ಎಂದು ಎಂದಿಗೂ ತಿಳಿಯುವುದಿಲ್ಲ. ಪ್ರತಿ ಪೆಟ್ಟಿಗೆಯ ಮೇಲೆ ಮದ್ದಿನ ಪೂರ್ತಿ ಹೆಸರು, ಡಬ್ಬಿಯ ಲಾಟ್ ಸಂಖ್ಯೆ, ತೂಕ, ಕೇಪು, ಗುಂಡು, ಕೇಸಿನ ಗುರುತು, ಎಷ್ಟನೆಯ ಸಲ ತುಂಬಿದ್ದು, ತಾರೀಖು ಬರೆದಿಡಿ. ಚೀಟಿ ಇಲ್ಲದ ಪೆಟ್ಟಿಗೆ, ಇನ್ನೊಬ್ಬರು ತುಂಬಿ ಕೊಟ್ಟ ತೋಟೆ, ಇವನ್ನು ರೈಫಲ್‌ಗೆ ಹಾಕಬೇಡಿ.

ಇಷ್ಟೆಲ್ಲ ನೋಡಿಯೂ ಅನುಮಾನ ಉಳಿದರೆ ಆ ಕಂತಿನ ತೋಟೆಗಳನ್ನೆಲ್ಲ ಬಿಚ್ಚಿಬಿಡಿ. ಬುಲೆಟ್ ಪುಲ್ಲರ್‌ನಿಂದ ಗುಂಡು ತೆಗೆದು ಪ್ರತಿಯೊಂದರ ಮದ್ದನ್ನೂ ಬೇರೆ ಬೇರೆ ತೂಗಿ ನೋಡಿ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ. ತೂಗಿದ ಮದ್ದನ್ನು ಡಬ್ಬಿಗೆ ವಾಪಸು ಸುರಿಯಬೇಡಿ. ಯಾವ ಮದ್ದು ಎಂದು ಸಂದೇಹವಿದ್ದರೆ ಅದನ್ನು ಮತ್ತೆ ತುಂಬಲೂ ಬೇಡಿ. ಮನೆಯಿಂದ ದೂರ, ಬರಿ ನೆಲದ ಮೇಲೆ ತೆಳ್ಳಗೆ ಹರಡಿ ನೀರು ಹಾಕಿಬಿಡಿ.